ಗಂಟೆಯ ಒಳಗಿನ ಹೆಸರುಗಳು

1 ಮಾರ್ಚ್ 1994, ಮಂಗಳವಾರ. ಬೆಳಿಗ್ಗೆ 7

ಪೂಜೆ ಮುಗಿಯಿತು. ಬಂದವರು ಆರು ಜನ, ಒಬ್ಬ ನಿದ್ದೆ ಹೊಡೆದ. ಕಣ್ಣಿರುವಾಗಲೇ ಬರೆದಿಡಬೇಕು.

ನೌಕಾಪಡೆ ನನಗೆ ಕೊಟ್ಟ ಮಾತು: ಹಡಗು ಹತ್ತಿದ ದಿನದಿಂದ ಸೇವೆಯ ಲೆಕ್ಕ. ಅಧಿಕಾರಿಗೆ ಏನೋ ಪಾದ್ರಿಗೂ ಅದೇ. ಸಾಯುವ ತನಕ ನೌಕಾ ಆಸ್ಪತ್ರೆ.

ಕೊಡದೆ ಹೋದದ್ದು: ಮೂರೂ.

ನಿವೃತ್ತಿ ನಿಯಮದ ಹಾಳೆ ನಿನ್ನೆ ಕೈಗೆ ಬಂತು. ಪೆನ್ಷನ್ನಿಗೂ ಆಸ್ಪತ್ರೆಗೂ ಅಧಿಕಾರಿಗೆ ಇಪ್ಪತ್ತು ವರ್ಷ ಸೇವೆ ಸಾಕು. ಪಾದ್ರಿಗೆ ಇಪ್ಪತ್ತೈದು ಬೇಕು. ಯಾಕಪ್ಪಾ, ದೇವರ ಕೆಲಸ ಹಗುರವೇ? ಅರವತ್ತೆರಡು ತುಂಬಿದ ದಿನ ಇಳಿಯಲೇಬೇಕು. ನನಗೆ ಈ ತಿಂಗಳ 31ಕ್ಕೆ ತುಂಬುತ್ತದೆ. ಫೈಲಿನಲ್ಲಿರುವುದು ಇಪ್ಪತ್ತೇ ವರ್ಷ. ಅದಕ್ಕೆ ಮುಂಚೆ ಸಂಸಾರಗಳನ್ನು ಸಾಗಿಸುವ 'ಗವಿಯೋತಾ' ಹಡಗಿನಲ್ಲಿ ದ್ವೀಪಗಳಿಗೆ ಅಲೆದ ಆರು ವರ್ಷ... 'ಆಹ್ವಾನಿತ ಪ್ರಯಾಣಿಕ' ಅಂತ ಬರೆದಿದ್ದಾರೆ. ಆರು ವರ್ಷ ವಾಂತಿ ಮಾಡಿಕೊಂಡು ಪೂಜೆ ಮಾಡಿದವನು ಅತಿಥಿ!

ಎಡಗಣ್ಣು ಹೋಯಿತು. ಬಲಗಣ್ಣಿಗೆ ಏಪ್ರಿಲ್ 18ಕ್ಕೆ ಆಪರೇಷನ್. ತಡವಾದರೆ ಅದೂ ಹೋಗುತ್ತದೆ ಅಂದಿದ್ದಾರೆ ಡಾಕ್ಟರು. 31 ಕಳೆದರೆ ಆಸ್ಪತ್ರೆಯ ಬಾಗಿಲು ನನಗಿಲ್ಲ.

ಅಪ್ಪ ಉಪ್ಪಿನ ಗದ್ದೆಯಲ್ಲಿ ಕೂಲಿ. ನಾನು ಬರೆಯಲು ಕಲಿತದ್ದು ಅವರ ಸಂಘದ ಕೊಟ್ಟಿಗೆಯಲ್ಲಿ. ಅಲ್ಲಿನ ರೂಢಿ: ಕೊಟ್ಟ ಮಾತು, ಕೊಡದೆ ಹೋದದ್ದು, ಮುಂದಿನ ಸಭೆ. ಮೂರನ್ನೂ ಬರೆಯದೆ ಯಾರೂ ಏಳುವಂತಿಲ್ಲ. ಇವತ್ತು ಎರಡೇ ಬರೆದೆ. ಸಭೆಗೆ ಕರೆಯಲು ಯಾರಿದ್ದಾರೆ?

2 ಮಾರ್ಚ್, ಬುಧವಾರ

ನಿವೃತ್ತಿ ವಿಭಾಗದ ಕ್ಯಾಪ್ಟನ್ ಇತುರ್ರಾಲ್ದೆಯನ್ನು ಕಂಡೆ. ಕೆಟ್ಟ ಮನುಷ್ಯನಲ್ಲ. ಕುರ್ಚಿ ಎಳೆದು ಕೂರಿಸಿದ.

"ಫಾದರ್, ನಿಯಮ ನಾನು ಬರೆದದ್ದಲ್ಲ."

"ದೇವರು ಮೋಶೆಗೆ ಕೊಟ್ಟ ಕಲ್ಲಿನ ಹಲಗೇನೂ ಅಲ್ಲವಲ್ಲ. ಯಾರೋ ಮನುಷ್ಯರು ಬರೆದದ್ದು, ಮನುಷ್ಯರು ತಿದ್ದಲಿ."

ನಕ್ಕ. "ತಿದ್ದೋದು ಬೇಡ, ದಾಖಲೆ ತನ್ನಿ. ಆ ಕಾಲದಲ್ಲೇ, ಹಡಗಿನ ಮೇಲೇ ಆದ ದಾಖಲೆ. 31ರೊಳಗೆ ಬಂದ್ರೆ ನಾನೇ ಮೇಲಕ್ಕೆ ಕಳಿಸ್ತೀನಿ."

ದಾಖಲೆ! ಜ್ಞಾನಸ್ನಾನದ ಪುಸ್ತಕ ಇಡಲೇ ಇಲ್ಲ ನಾನು. ನೌಕಾಪಡೆಯ ಪಾದ್ರಿ ಮಾತ್ರ ಮಾಡಬಲ್ಲ ತಪ್ಪು. ಹಡಗಿನಲ್ಲಿ ಮಗುವಿಗೆ ಜ್ಞಾನಸ್ನಾನವೆಂದರೆ ಹಡಗಿನ ಗಂಟೆಯನ್ನೇ ಬಿಚ್ಚಿ, ತಲೆಕೆಳಗು ಮಾಡಿ, ಅದರಲ್ಲೇ ನೀರು ತುಂಬುವುದು. ಆಮೇಲೆ ಮಗುವಿನ ಹೆಸರು, ತಾರೀಖು ಗಂಟೆಯ ಒಳಮೈಗೆ ಕೊರೆಯುವುದು. ಹಿತ್ತಾಳೆಯಲ್ಲೇ ಇದೆಯಲ್ಲ, ಕಾಗದ ಯಾಕೆ ಅಂದುಕೊಂಡೆ. 'ಗವಿಯೋತಾ' ಗುಜರಿಗೆ ಹೋಗಿ ಹನ್ನೊಂದು ವರ್ಷವಾಯಿತು. ಗಂಟೆ?

ಇತುರ್ರಾಲ್ದೆಗೆ ಆದರೂ ಕೃತಜ್ಞ. ಕುರ್ಚಿಗಾಗಿ.

9 ಮಾರ್ಚ್, ಬುಧವಾರ

ತೊಮಾಲಾ ಸಿಕ್ಕ. 'ಗವಿಯೋತಾ'ದ ಹಳೆಯ ಮೇಸ್ತ್ರಿ. ಹೆಸರು ಕೊರೆದದ್ದು ಅವನದೇ ಉಳಿ. ಮಾರುಕಟ್ಟೆಯಲ್ಲಿ ಈರುಳ್ಳಿ ಹಾಕಿದ ಮೀನಿನ ಸಾರು ಹೀರುತ್ತ ಕೂತಿದ್ದ.

"ನಿಮಗೇನ್ರೀ ಫಾದರ್, ಸತ್ತ ಮೇಲೆ ಸ್ವರ್ಗದಲ್ಲಿ ಪೆನ್ಷನ್ ಇದೆಯಲ್ಲ!"

"ಅಲ್ಲೂ ಇಪ್ಪತ್ತೈದು ವರ್ಷ ಕೇಳಿದ್ರೆ?"

ಹೊಟ್ಟೆ ಹಿಡಿದು ನಕ್ಕ. ಕಣ್ಣಿನ ವಿಷಯ ಹೇಳಿದೆ. ಚಮಚ ಕೆಳಗಿಟ್ಟ.

"ಗಂಟೆ ಎಲ್ಲೂ ಹೋಗಿಲ್ಲ. ಗುಜರಿಯವನ ಹತ್ರ ಜಗಳ ಆಡಿ ತಂದಿದ್ದೀನಿ. ಸಾಂತಾ ರೋಸಾದಲ್ಲಿ ನಮ್ಮ ಮೀನುಗಾರರ ಸಂಘದ ಛಾವಣಿಗೆ ಕಟ್ಟಿದ್ದೀವಿ. ದಿನಾ ಬಡೀತೀವಿ. ನೀವು ಯಾವತ್ತಾದ್ರೂ ಆ ಕಡೆ ಬಂದಿದ್ದೀರಾ? ಅಧಿಕಾರಿಗಳ ಬೀದೀಲೇ ಇರ್ತೀರಿ."

ಸರಿಯಾಗಿ ಬಿತ್ತು ಏಟು. ಮೂರು ಕಿಲೋಮೀಟರು. ಹನ್ನೊಂದು ವರ್ಷ.

12 ಮಾರ್ಚ್, ಶನಿವಾರ

ಸಾಂತಾ ರೋಸಾ. ದೋಣಿಗಳು ಮರಳಿದ್ದವು, ಪೆಲಿಕನ್ ಹಕ್ಕಿಗಳು ಮೀನಿನ ಕರುಳಿಗೆ ಕಚ್ಚಾಡುತ್ತಿದ್ದವು. ಗಂಟೆ ಇಳಿಸಿ ನನ್ನ ಮಡಿಲಲ್ಲಿಟ್ಟರು. ಒಳಗೆ ಕತ್ತಲು. ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. ಕೈ ಹಾಕಿದೆ.

ಬೆರಳಿಗೆ ಸಿಕ್ಕಿತು. ನಾರ್ಸಿಸಾ ಯಾಗುವಾಲ್, 9 ಜೂನ್ 1968. ಅದರ ಕೆಳಗೆ ಇನ್ನೊಂದು. ಮತ್ತೊಂದು. ನಲವತ್ತೊಂದು ಹೆಸರು, ಕೊನೆಯದು 1974ರದು. ಹಸಿರು ಕಿಲುಬಿನಡಿ ಪ್ರತಿ ಅಕ್ಷರ ಗಟ್ಟಿ. ಅತ್ತುಬಿಟ್ಟೆ. ಮೀನು ಕೊಯ್ಯುವ ಹೆಂಗಸರ ಮುಂದೆ ಅತ್ತೆ, ನಾಚಿಕೆಯಾಗಲಿಲ್ಲ.

ಧನ್ಯ ತೊಮಾಲಾ, ಧನ್ಯ ನಿನ್ನ ಉಳಿ.

21 ಮಾರ್ಚ್, ಸೋಮವಾರ

ಗಂಟೆ ಕಚೇರಿಗೆ ಹೋಯಿತು. ಮೀನಿನ ವಾಸನೆಗೆ ಗುಮಾಸ್ತ ಮೂಗು ಮುಚ್ಚಿಕೊಂಡನಂತೆ. ಉತ್ತರ ಇವತ್ತು ಬಂತು.

"ಮಕ್ಕಳ ಹೆಸರಿದೆ ಫಾದರ್," ಅಂದ ಇತುರ್ರಾಲ್ದೆ, ಮುಖ ಕೆಳಗೆ ಹಾಕಿ. "ನಿಮ್ಮ ಹೆಸರಿಲ್ಲ."

ನಿಜ. ಇಲ್ಲ. ತನ್ನ ಹೆಸರನ್ನು ಪಾದ್ರಿ ಯಾಕೆ ಕೊರೆಸುತ್ತಾನೆ?

ಹತ್ತು ದಿನ ಉಳಿಯಿತು. ತೊಮಾಲಾನಿಗೆ ಹೇಳಿದೆ. "ಹಿತ್ತಾಳೆಗೆ ಬಾಯಿಲ್ಲ ಅಂತಾರಾ? ಇರಲಿ," ಅಂದ. ಅಷ್ಟೇ. ಎದ್ದು ಹೋದ.

28 ಮಾರ್ಚ್, ಸೋಮವಾರ. ಸಂಜೆ

ದೀಪ ಹತ್ತಿರಕ್ಕೆ ಎಳೆದುಕೊಂಡು ಬರೆಯುತ್ತಿದ್ದೇನೆ.

ಬೆಳಿಗ್ಗೆ ಇತುರ್ರಾಲ್ದೆ ಕರೆಸಿದ. ಹೋದರೆ ಕಚೇರಿಯ ಅಂಗಳದ ತುಂಬ ಜನ. ಗಂಟೆಯೊಳಗಿನ ಹತ್ತೊಂಬತ್ತು ಹೆಸರುಗಳು ಕಾಲು ಬಂದು ನಿಂತಿದ್ದವು! ಇಪ್ಪತ್ತು, ಇಪ್ಪತ್ತೈದರ ಪ್ರಾಯ. ಜೊತೆಗೆ ಅವರ ತಾಯಂದಿರು. ನಾಲ್ವರು ದ್ವೀಪದಿಂದ ಬಂದಿದ್ದರು. ತೊಮಾಲಾ ಒಂದು ವಾರದಿಂದ ಮನೆ ಮನೆ ತಟ್ಟಿದ್ದಾನೆ.

ಎರ್ಮಿನಿಯಾ ಯಾಗುವಾಲ್ ಮೊದಲು ಮೇಜಿನ ಹತ್ತಿರ ಹೋದಳು, ಮಗಳು ನಾರ್ಸಿಸಾಳ ತೋಳು ಹಿಡಿದು.

"ಇವರೇನಾ ಜ್ಞಾನಸ್ನಾನ ಮಾಡಿಸಿದ್ದು? ಖಾತ್ರಿಯೇನಮ್ಮ?" ಗುಮಾಸ್ತ ಕೇಳಿದ.

"ಖಾತ್ರಿಯಾ! ಹಡಗು ವಾಲ್ತು, ಈ ಪುಣ್ಯಾತ್ಮ ನನ್ನ ಕೂಸನ್ನ ಕೋಳಿ ಹಿಡಿದ ಹಾಗೆ ಕಾಲು ಹಿಡಿದು ಎತ್ತಿದ್ರು. ಇಪ್ಪತ್ತಾರು ವರ್ಷದಿಂದ ಬೈಯೋಕೆ ಕಾಯ್ತಿದ್ದೀನಿ. ಮುಖ ಮರೀತೀನಾ?"

ಅಂಗಳವೆಲ್ಲ ನಕ್ಕಿತು. ಗುಮಾಸ್ತ ಬರೆದುಕೊಂಡ.

ಒಬ್ಬೊಬ್ಬರೇ ಹೇಳಿದರು. ಒಬ್ಬಳ ಮಗನ ಬಾಯಿಗೆ ಹಿತ್ತಾಳೆ ತಿಕ್ಕುವ ಪುಡಿ ಹೋಗಿತ್ತಂತೆ. ಇನ್ನೊಬ್ಬಳ ಗಂಡ ದಡದಲ್ಲಿ ಸತ್ತ ಸುದ್ದಿಯನ್ನು ನಾನೇ ಹೇಳಿದೆನಂತೆ, ನೆಲದ ಮೇಲೆ ಅವಳ ಪಕ್ಕ ಬೆಳಗಿನ ತನಕ ಕೂತಿದ್ದೆನಂತೆ. ನನಗೇ ನೆನಪಿರಲಿಲ್ಲ.

ಕೊನೆಗೆ ಲಿಂದಾವೋ ಬಂದ. ಹಡಗಿನ ಅಡುಗೆಯವನು. "ಆರು ವರ್ಷ ಇವರಿಗೆ ನಾನೇ ಗಂಜಿ ಕೊಟ್ಟೆ ಸಾರ್. ಬರ್ಕೊಳ್ಳಿ." ತಡೆದು, ಮೆಲ್ಲಗೆ: "ನನ್ನನ್ನೂ ಆಹ್ವಾನಿತ ಅಂತಲೇ ಬರೆದಿದ್ದೀರಿ."

ನಾನು ಅವನನ್ನು ಒಂದು ಸಲವೂ ಕೇಳಿರಲಿಲ್ಲ. ನನ್ನ ಕಣ್ಣು, ನನ್ನ ವರ್ಷ, ನನ್ನ ಫೈಲು... ಒಂದು ತಿಂಗಳಿಂದ ಇದೇ ಬರೆದಿದ್ದೇನೆ.

31 ಮಾರ್ಚ್, ಪವಿತ್ರ ಗುರುವಾರ

ಕೊನೆಯ ದಿನ. ಆದೇಶ ಬಂತು: ಆರು ವರ್ಷ ಸೇರಿಸಿದ್ದಾರೆ. ಆಸ್ಪತ್ರೆ ಉಂಟು. ಇತುರ್ರಾಲ್ದೆ ಓಡೋಡಿ ತಂದುಕೊಟ್ಟ, ಟೋಪಿ ಕಂಕುಳಲ್ಲಿ. ದೇವರಿಗೆ, ಹತ್ತೊಂಬತ್ತು ಜನಕ್ಕೆ, ಅವರ ಹೆತ್ತವರಿಗೆ, ಅವನಿಗೂ ಕೃತಜ್ಞ.

ಕಾಗದದ ಕೊನೆಯ ಸಾಲು: 'ವಿಶೇಷ ಕೃಪೆಯ ಮೇರೆಗೆ, ಇತರರಿಗೆ ಅನ್ವಯಿಸದು.'

"ಕ್ಯಾಪ್ಟನ್, ಕೃಪೆ ಕೊಡೋದು ದೇವರು. ನೀವು ಕೊಡಬೇಕಾದದ್ದು ಲೆಕ್ಕ. ಲಿಂದಾವೋನದು?"

"ಫಾದರ್, ಇವತ್ತೊಂದು ದಿನ ಖುಷಿಯಾಗಿರಿ!"

ಖುಷಿಯಾಗಿಯೇ ಇದ್ದೇನೆ. ಅದಕ್ಕೇ ಕೇಳಿದ್ದು.

ಸಂಜೆ ಸಾಂತಾ ರೋಸಾದಲ್ಲಿ ಪಾದ ತೊಳೆಯುವ ವಿಧಿ. ಸ್ವಾಮಿ ತೊಳೆದ ಶಿಷ್ಯರ ಲೆಕ್ಕಕ್ಕೆ ಹನ್ನೆರಡು ಜೋಡಿ ಪಾದ. ಲಿಂದಾವೋನ ಹಿಮ್ಮಡಿಯ ಬಿರುಕಿಗೆ ನನ್ನ ಬೆರಳು ಹೊಕ್ಕಿತು. ನೀರು ತುಂಬಿದ್ದು ಕಚೇರಿಯಿಂದ ಮರಳಿ ತಂದ ಗಂಟೆಯಲ್ಲಿ. ಆಮೇಲೆ ಎರ್ಮಿನಿಯಾ ಪವಿತ್ರ ವಾರದ ಗಟ್ಟಿ ಸಾರು ಫನೆಸ್ಕಾ ಬಡಿಸಿದಳು, ಹನ್ನೆರಡು ಕಾಳು ಹಾಕಿದ್ದು. ಎರಡು ತಟ್ಟೆ ತಿಂದೆ.

30 ಏಪ್ರಿಲ್, ಶನಿವಾರ

ಕಣ್ಣಿನ ಪಟ್ಟಿ ಬಿಚ್ಚಿದರು. ಅಕ್ಷರ ದೊಡ್ಡದಾಗಿ ಬರೆಯುತ್ತಿದ್ದೇನೆ. ಕಾಣುತ್ತದೆ. ಗೋಡೆಯ ಬಿರುಕು, ಲೋಟದ ಅಂಚು, ನನ್ನ ಉಗುರು. ಕಿಟಕಿಯಿಂದ ಸಮುದ್ರ, ಒಂದು ತುಂಡು. ಕೃತಜ್ಞ, ಕೃತಜ್ಞ.

ಈ ಕಣ್ಣಿಗೆ ಮೊದಲ ಕೆಲಸ: ತೊಮಾಲಾ ತಂದ ಪಟ್ಟಿ ಓದಿದೆ. 'ಆಹ್ವಾನಿತ' ಅಂತ ಬರೆಸಿಕೊಂಡವರು ಇಪ್ಪತ್ಮೂರು ಜನ. ಅಡುಗೆಯವರು, ದಾದಿಯರು, ಇಬ್ಬರು ಪಾದ್ರಿಗಳು. ಮಾರ್ಚ್ ಒಂದರಂದು ಬಿಟ್ಟಿದ್ದ ಮೂರನೆಯದನ್ನು ಈಗ ಬರೆಯುತ್ತೇನೆ.

ಮುಂದಿನ ಸಭೆ: ಸಾಂತಾ ರೋಸಾ, ಮೀನುಗಾರರ ಸಂಘದ ಛಾವಣಿಯಡಿ. ಮೇ 7, ಶನಿವಾರ, ಬೆಳಿಗ್ಗೆ ಒಂಬತ್ತಕ್ಕೆ. ಗಂಟೆ ಬಡಿಯುವವನು ಲಿಂದಾವೋ. ಮೊದಲ ಮಾತೂ ಅವನದೇ.