ಬೋರಲು ಹಾಕಿದ ಲೋಟ ಮತ್ತು ನಿಮ್ಮ ‘ಇಬ್ಬರ ನಿಯಮ’

ಕಣಿವೆ ಪ್ರದೇಶದ ಮಾನ್ಯ ಮೇಲಧಿಕಾರಿಗಳೇ,

ಪತ್ರ ಓದಲು ಒಬ್ಬರೇ ಸಾಕು ಎಂಬ ಪದ್ಧತಿ ನಿಮ್ಮ ಕಚೇರಿಯಲ್ಲಿ ಇನ್ನೂ ಉಳಿದಿದೆ ಎಂದು ನಂಬಿ ಬರೆಯುತ್ತಿದ್ದೇನೆ. ಪಿನ್ಯನ್ ಕಣಿವೆಯೊಳಗೆ ಇನ್ನು ಯಾರೂ ಒಂಟಿಯಾಗಿ ನಡೆಯಕೂಡದು, ಇಬ್ಬರಿದ್ದರೆ ಮಾತ್ರ ಪರವಾನಗಿ ಎಂದು ಈ ವಸಂತದಲ್ಲಿ ಆದೇಶ ಹೊರಡಿಸಿದಿರಿ. ಈಗ ಆ ದಾರಿಯ ಕೊನೆಯ ಪೆಟ್ರೋಲ್ ಪಂಪಿನ ಗೋಡೆಯಲ್ಲಿರುವ ಒಂದು ಮರದ ಹಲಗೆಯನ್ನು ಕಿತ್ತುಹಾಕಬೇಕೆಂದು ಅದರ ಒಡತಿ ಅರ್ವಿಲ್ಲಾ ಅವರಿಗೆ ನೋಟಿಸು ಕೊಟ್ಟಿದ್ದೀರಿ. ನಿಮ್ಮ ಆದೇಶ ನನ್ನನ್ನು ಸಾಯಲು ಬಿಟ್ಟಿತ್ತು. ಆ ಹಲಗೆ ನನ್ನನ್ನು ವಾಪಸು ಕರೆತಂದಿತು. ಎರಡರಲ್ಲಿ ಯಾವುದನ್ನು ಕೀಳಬೇಕು ಎಂಬ ಲೆಕ್ಕದಲ್ಲಿ ನಿಮ್ಮ ಕಚೇರಿ ಎಲ್ಲೋ ತಪ್ಪಿದೆ.

ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ತಂಗಿಯ ಮನೆಯ ಕಿಟಕಿಯ ಪಕ್ಕ ಕುಳಿತಿದ್ದೇನೆ. ಹೊರಗೆ ತಂಗಿ ಓಡಿಸಿಕೊಂಡು ತಂದ ನನ್ನ ಪಿಕಪ್ ಗಾಡಿ ನಿಂತಿದೆ, ಅದರ ಚಕ್ರಗಳಲ್ಲಿ ನಿಮ್ಮ ಕಣಿವೆಯ ಕೆಂಪು ಮಣ್ಣು ಇನ್ನೂ ಒಣಗಿ ಅಂಟಿಕೊಂಡಿದೆ. ಪುಸ್ತಕ ತೆರೆದು ಒಂದು ಪುಟ ಓದುತ್ತೇನೆ, ಮುಚ್ಚುತ್ತೇನೆ. ಪದ್ಯಗಳು ಕೂಡ ಕುಳಿತಲ್ಲಿ ನನಗೆ ದಕ್ಕುವುದಿಲ್ಲ. ಅವು ಅರ್ಥವಾಗುವುದು ನಡೆಯುವಾಗ, ಸಾಲೊಂದು ಹೆಜ್ಜೆಯ ಲಯಕ್ಕೆ ಸಿಕ್ಕಾಗ. ನಾನು ಪಾಠ ಹೇಳುವ ಕಾಲೇಜಿಗೆ ಅಕ್ಟೋಬರ್ ರಜೆ ಬಂದೊಡನೆ ಹೊರಟು, ನೆವಾಡಾದ ಉಪ್ಪು ಬಯಲು ದಾಟಿ, ಗಾಡಿಯ ಹಿಂಬದಿಯಲ್ಲೇ ಮಲಗಿ, ಒಂದು ಊರಿನಲ್ಲಿ ಎರಡನೆಯ ರಾತ್ರಿ ಕಳೆಯದೆ ಯೂಟಾದ ಬಂಡೆಗಳ ನಡುವೆ ಅಲೆಯುವುದು ನನ್ನ ವರುಷದ ರೂಢಿ. ನೀವೇನು ಹುಡುಕುತ್ತೀರಿ ಎಂದು ಕೇಳುವವರಿದ್ದಾರೆ. ಹುಡುಕುವುದಕ್ಕೆ ಏನೂ ಕಳೆದಿಲ್ಲ. ಯಾರಿಂದಲೂ ಓಡಿಹೋಗುತ್ತಲೂ ಇಲ್ಲ. ಜೊತೆಗಾರರಿದ್ದರೆ ನಾನು ಅವರ ಮುಖ ನೋಡುತ್ತೇನೆ, ಒಬ್ಬಳೇ ಇದ್ದರೆ ಬಂಡೆಯನ್ನು ನೋಡುತ್ತೇನೆ. ಇದಕ್ಕಿಂತ ದೊಡ್ಡ ಕಾರಣ ನನ್ನಲ್ಲಿಲ್ಲ, ಬೇಕಾಗಿಯೂ ಇಲ್ಲ.

ಆ ಹಲಗೆಯ ವಿಚಾರ ನಿಮಗೆ ತಿಳಿದಿಲ್ಲವೆಂದು ಭಾವಿಸಿ ಹೇಳುತ್ತೇನೆ. ಒಂಟಿಯಾಗಿ ಕಣಿವೆಗೆ ಹೋಗುವವರು ಅರ್ವಿಲ್ಲಾ ಅವರ ಅಂಗಡಿಯಲ್ಲಿ ಒಂದು ಲೋಟ ಆರಿಸಿ ಹಲಗೆಯ ಮೇಲೆ ಬೋರಲು ಹಾಕುತ್ತಾರೆ, ಯಾವ ಕವಲಿಗೆ ಹೋಗುತ್ತೇವೆಂದು ಬಾಯಲ್ಲಿ ಹೇಳುತ್ತಾರೆ. ಹಿಂದಿರುಗಿದ ಮೇಲೆ ಅದೇ ಲೋಟವನ್ನು ನೆಟ್ಟಗೆ ಮಾಡಿ ಕಾಫಿ ಕುಡಿಯುತ್ತಾರೆ. ಧರ್ಮದ ಕಾರಣಕ್ಕೆ ತಾವು ಕಾಫಿ ಮುಟ್ಟದ ಆ ಮುದುಕಿ, ನಮಗಾಗಿ ಅಷ್ಟೇನೂ ಚೆನ್ನಾಗಿಲ್ಲದ ಕಾಫಿಯನ್ನು ದಿನವಿಡೀ ಬಿಸಿಯಾಗಿಟ್ಟಿರುತ್ತಾರೆ. ಪಡುವಣ ಬಂಡೆಯ ನೆರಳು ಪಂಪಿನ ಮೇಲೆ ಬೀಳುವ ಹೊತ್ತಿಗೆ ಯಾವುದಾದರೂ ಲೋಟ ಬೋರಲಾಗಿಯೇ ಇದ್ದರೆ, ಆ ಕಣಿವೆಯಲ್ಲಿ ದನ ಮೇಯಿಸುವ ಮೈದುನ ಡೆಲ್ವಿನ್‌ಗೆ ಕೂಗು ಹಾಕುತ್ತಾರೆ. ಯಾರ ಅನುಮೋದನೆಯೂ ಇಲ್ಲದೆ, ಅವರ ಅತ್ತೆಯ ಕಾಲದಿಂದ ಇದು ನಡೆದುಕೊಂಡು ಬಂದಿದೆ.

ಈ ಅಕ್ಟೋಬರಿನಲ್ಲಿ ನಿಮ್ಮ ಕೌಂಟರಿನ ಮುಂದೆ ನಿಂತಾಗ, ಅಲ್ಲಿದ್ದ ಹುಡುಗಿ ಬಹಳ ವಿನಯದಿಂದ, ಒಬ್ಬರಿಗೆ ಕೊಡಲು ಬರುವುದಿಲ್ಲ, ಎರಡನೆಯ ಹೆಸರು ತುಂಬದೆ ಕಂಪ್ಯೂಟರ್ ಮುಂದಕ್ಕೇ ಹೋಗುವುದಿಲ್ಲ ಎಂದಳು. ಎರಡನೆಯವರನ್ನು ಎಲ್ಲಿಂದ ತರಲಿ ಎಂದು ಕೇಳಿದೆ. ಅವಳು ದನಿ ತಗ್ಗಿಸಿ, ಹೊರಗೆ ಗಾಡಿ ನಿಲ್ಲಿಸುವ ಜಾಗದಲ್ಲಿ ಯಾರಾದರೂ ಸಿಗುತ್ತಾರೆ, ಎಲ್ಲರೂ ಹಾಗೇ ಮಾಡುವುದು ಎಂದಳು. ಹೊರಗೆ ಸಿಕ್ಕವರು ಥೇನ್ ಎಂಬ ನಿವೃತ್ತ ಶಾಲಾ ಬಸ್ ಚಾಲಕರು. ಅವರೂ ನನ್ನ ಹಾಗೆ ಒಬ್ಬರೇ ಬಂದು ಗೋಡೆಗೊರಗಿ ಕಾಯುತ್ತಿದ್ದರು.

"ಬನ್ನಿ ಮೇಡಂ, ಸಾಯಂಕಾಲದ ತನಕ ಮದುವೆ ಆಗ್ಬಿಡೋಣ," ಎಂದರು. "ಆಮೇಲೆ ಜೀವನಾಂಶ ಅಂತ ಮಾತ್ರ ಬರ್ಬೇಡಿ."

ಒಂದೇ ಪರವಾನಗಿ ಚೀಟಿ, ಎರಡು ಹೆಸರು. ಕಣಿವೆಯ ಬಾಯಲ್ಲಿ ಕೈ ಕುಲುಕಿ ಅವರು ಬಲಗವಲಿಗೆ ನಡೆದರು, ನಾನು ಎಡಗವಲಿಗೆ. ನಿಮ್ಮ ಆದೇಶ ತಯಾರಿಸಿದ್ದು ಇಂಥ ಜೋಡಿಗಳನ್ನೇ. ನಾವು ಮೊದಲೂ ಒಂಟಿ, ಈಗಲೂ ಒಂಟಿ. ಮೊದಲು ಅದು ಹತ್ತು ಜನಕ್ಕೆ ಗೊತ್ತಿರುತ್ತಿತ್ತು, ಈಗ ಗುಟ್ಟು. ಜೊತೆಗಾರರಿದ್ದಾರೆಂದು ಚೀಟಿಯೇ ಹೇಳುವುದರಿಂದ ಬಹಳ ಮಂದಿ ಪಂಪಿನ ಬಳಿ ಗಾಡಿ ನಿಲ್ಲಿಸುವುದನ್ನೂ ಬಿಟ್ಟಿದ್ದರು. ಹಲಗೆಯ ಮೇಲೆ ಆ ಬೆಳಿಗ್ಗೆ ಬೋರಲು ಬಿದ್ದದ್ದು ನನ್ನದೊಂದೇ ಲೋಟ. ಅದೂ ಹಳೆಯ ಅಭ್ಯಾಸದಿಂದ.

"ಎಡಗವಲು," ಎಂದಿದ್ದೆ.

"ನಿಂಗೆ ಎಡಗಡೇನೇ ಯಾಕೆ ಹುಚ್ಚು ಹುಡುಗಿ, ಬಲಗಡೆ ನೆರಳಾದ್ರೂ ಇದೆ," ಎಂದಿದ್ದರು ಅರ್ವಿಲ್ಲಾ. ಐವತ್ತರ ಹೊಸ್ತಿಲಲ್ಲಿರುವ ನನ್ನನ್ನು ಹುಡುಗಿ ಎನ್ನುವವರು ಈಗ ಅವರೊಬ್ಬರೇ.

ಮಧ್ಯಾಹ್ನದ ಹೊತ್ತಿಗೆ ಒಣಗಿದ ಜಲಪಾತವೊಂದರ ಮೆಟ್ಟಿಲಿಂದ ಇಳಿಯುವಾಗ ಕಾಲಡಿಯ ಮರಳುಗಲ್ಲು ಬಿಸ್ಕತ್ತಿನಂತೆ ಮುರಿಯಿತು. ಪಾದ ಹೋಗಬಾರದ ಕಡೆಗೆ ತಿರುಗಿತ್ತು. ಫೋನಿಗೆ ಅಲ್ಲಿ ಸಿಗ್ನಲ್ ಸಿಗುವುದಿಲ್ಲವೆಂದು ನಿಮ್ಮದೇ ಫಲಕ ಹೇಳುತ್ತದೆ. ನೀರು ಎಷ್ಟಿದೆಯೆಂದು ಬಾಟಲಿ ಅಲುಗಿಸಿ ನೋಡಿದೆ. ಬಾಯಿಪಾಠವಿದ್ದ ಪದ್ಯಗಳನ್ನೆಲ್ಲ ಹೇಳಿಕೊಂಡೆ, ಮುಗಿದ ಮೇಲೆ ಮತ್ತೆ ಮೊದಲಿನಿಂದ ಶುರುಮಾಡಿದೆ. ತಲೆಯ ಮೇಲಿದ್ದ ಆಕಾಶದ ಸೀಳು ನೀಲಿಯಿಂದ ಬಿಳಿಗೆ, ಬಿಳಿಯಿಂದ ಹಳದಿಗೆ ತಿರುಗುತ್ತಿತ್ತು. ಎರಡು ದಿನ ಒಂದೆಡೆ ನಿಲ್ಲಲಾರದ ಹೆಂಗಸಿಗೆ ಇಂಥದೊಂದು ಜಾಗದಲ್ಲಿ ಶಾಶ್ವತವಾಗಿ ನಿಲ್ಲುವ ಗತಿ ಬಂತೇ ಎಂದು ನಗು ಬಂತು, ಆಮೇಲೆ ಬರಲಿಲ್ಲ.

ಅಷ್ಟರಲ್ಲಿ ಮೇಲೆ ಏನಾಯಿತು? ಮಂಡಿನೋವಿನಿಂದ ಥೇನ್ ಬೇಗ ಹಿಂದಿರುಗಿ, ಕಣಿವೆ ಬಿಟ್ಟು ಹೊರಡುವಾಗ ಚೀಟಿಯನ್ನು ಪೆಟ್ಟಿಗೆಗೆ ಹಾಕಬೇಕೆಂಬ ನಿಮ್ಮ ನಿಯಮದಂತೆ ತಮ್ಮ ಜೇಬಿನಲ್ಲಿದ್ದ ನಮ್ಮ ಚೀಟಿಯನ್ನು ಹಾಕಿ, ತಮ್ಮ ಊರಿನ ದಾರಿ ಹಿಡಿದಿದ್ದರು. ಒಂದು ಚೀಟಿ ಬಂದರೆ ಇಬ್ಬರೂ ಬಂದಂತೆ. ಬಂಡೆಯ ನೆರಳು ಪಂಪಿಗೆ ಬಂದಾಗ ಅರ್ವಿಲ್ಲಾ ನಿಮ್ಮ ಕಚೇರಿಗೆ ಫೋನು ಮಾಡಿದರು. ಆ ಸಂಭಾಷಣೆಯನ್ನು ಅವರು ನನಗೆ ಹೇಳಿದ್ದು ಹೀಗೆ.

"ಇಬ್ರೂ ಸೇಫಾಗಿ ವಾಪಸ್ ಬಂದಿದಾರೆ ಅಂತ ತೋರಿಸ್ತಿದೆ ಮೇಡಂ."

"ತೋರಿಸ್ಲಿ ಬಿಡಪ್ಪ. ಇಲ್ಲಿ ಲೋಟ ಬೋರಲಾಗೇ ಇದೆ."

"ಲೋಟ ನಮ್ಮ ಸಿಸ್ಟಮಲ್ಲಿ ಬರಲ್ಲ ಮೇಡಂ. ಬೇಕಾದ್ರೆ ಬೆಳಿಗ್ಗೆ ವಿಚಾರಿಸ್ತೀವಿ."

ಅವರು ಬೆಳಿಗ್ಗೆಯ ತನಕ ಕಾಯಲಿಲ್ಲ. ಡೆಲ್ವಿನ್ ಕುದುರೆಯೊಂದಿಗೆ ನನ್ನನ್ನು ತಲುಪಿದಾಗ ಬೆಳಕು ಬಂಡೆಯ ನೆತ್ತಿಯಲ್ಲಷ್ಟೇ ಉಳಿದಿತ್ತು. ಟೋಪಿ ತೆಗೆದು ನನ್ನನ್ನೊಮ್ಮೆ, ನನ್ನ ಪಾದವನ್ನೊಮ್ಮೆ ನೋಡಿ, "ಅತ್ತಿಗೆ ಕಾಫಿ ಆರೋಗ್ತಿದೆ ಅಂತ ಬೈತಾವ್ರೆ, ಏಳಿ," ಎಂದರು. ನಾನು ಅತ್ತದ್ದು ಆಗಲೇ.

ವೈದ್ಯರು ಹೇಳಿದ್ದು: ಆ ಪಾದಕ್ಕೆ ರಕ್ತ ಹರಿಯುವುದು ಹೆಚ್ಚು ಕಡಿಮೆ ನಿಂತಿತ್ತು, ಬೆಳಗಿನ ತನಕ ಬಿಟ್ಟಿದ್ದರೆ ಪಾದ ಉಳಿಯುತ್ತಿರಲಿಲ್ಲ. ಆ ಚಳಿಗೆ ನಾನು ಉಳಿಯುತ್ತಿದ್ದೆನೇ ಎಂದು ಕೇಳಿದಾಗ ಅವರು ಇನ್ನೊಂದು ಕಂಬಳಿ ಹೊದಿಸಿದರು. ಥೇನ್ ಫೋನು ಮಾಡಿ, "ನಾನು ಚೀಟಿ ಹಾಕ್ಬಾರ್ದಿತ್ತು," ಎಂದು ಮಗುವಿನಂತೆ ಅತ್ತರು. ನಿಯಮ ಪಾಲಿಸಿದ ಒಬ್ಬ ಸಜ್ಜನರನ್ನು ಹೀಗೆ ಅಳುವಂತೆ ಮಾಡುವ ನಿಯಮ ಎಂಥದು ಎಂದು ನೀವೇ ಯೋಚಿಸಿ.

ನಿಮ್ಮ ಪ್ರಕಟಣೆಯನ್ನು ಓದಿದೆ. ಆದೇಶ ಜಾರಿಗೆ ಬಂದ ಮೇಲೆ ಒಂಟಿ ನಡಿಗೆಯವರ ಅಪಘಾತ ಸೊನ್ನೆಗೆ ಇಳಿದಿದೆಯಂತೆ. ಇಳಿಯದೆ ಇನ್ನೇನು? ಒಂಟಿಯಾದವರೇ ನಿಮ್ಮ ಕಡತದಲ್ಲಿಲ್ಲ. ಕುರುಡುತನವನ್ನು ನಿಲ್ಲಿಸಲು ಕನ್ನಡಕಗಳನ್ನು ಒಡೆಸುವ ಇಲಾಖೆಯೂ ಎಲ್ಲಾದರೂ ಇದೆಯೇ? ಪಂಪು ನಿಮ್ಮ ಗುತ್ತಿಗೆ ಜಮೀನಿನಲ್ಲಿದೆ, ಹಲಗೆ "ಒಂಟಿ ನಡಿಗೆಗೆ ಉತ್ತೇಜನ", ಆದ್ದರಿಂದ ಕೀಳಬೇಕು ಎಂದು ನೋಟಿಸಿನಲ್ಲಿ ಬರೆದಿದ್ದೀರಿ. ಜನ ನಡೆಯುವುದು ಹಲಗೆಯನ್ನು ನೋಡಿ ಅಲ್ಲ. ನಡೆಯದೆ ಇರಲಾರದವರು ನಡೆಯುತ್ತಾರೆ. ಅವರು ಯಾರಿಗಾದರೂ ಹೇಳಿ ಹೋಗಬೇಕೋ ಕದ್ದು ಹೋಗಬೇಕೋ ಎಂಬುದಷ್ಟೇ ನಿಮ್ಮ ಕೈಯಲ್ಲಿದೆ.

ಆದ್ದರಿಂದ ಇಬ್ಬರ ನಿಯಮವನ್ನು ಹಿಂದಕ್ಕೆ ತೆಗೆದುಕೊಳ್ಳಿ. ಒಂಟಿಯಾಗಿ ಹೋಗುವವರನ್ನು ಒಂಟಿ ಎಂದೇ ಬರೆದುಕೊಳ್ಳಿ. ಅರ್ವಿಲ್ಲಾ ಅವರಿಗೆ ಕೊಟ್ಟ ನೋಟಿಸನ್ನು ರದ್ದುಮಾಡಿ, ಅವರು ಫೋನು ಮಾಡಿದರೆ ಯಾರಾದರೂ ಎದ್ದು ಹೊರಡಿ. ಹಾಗೆಯೇ ಒಂದು ವಿಷಯ ನಿಮಗೆ ತಿಳಿದಿರಲಿ. ಅಂದು ಡೆಲ್ವಿನ್ ನನ್ನನ್ನು ನೇರ ಆಸ್ಪತ್ರೆಗೆ ಒಯ್ದದ್ದರಿಂದ ನಾನು ಪಂಪಿಗೆ ಮರಳಲೇ ಇಲ್ಲ. ಲೋಟವನ್ನು ನೆಟ್ಟಗೆ ಮಾಡುವವರು ಇಟ್ಟವರೇ ಆಗಿರಬೇಕು, ಬೇರೆಯವರು ಮುಟ್ಟುವ ಹಾಗಿಲ್ಲ. ನನ್ನದು ಆ ಹಲಗೆಯ ಮೇಲೆ ಇನ್ನೂ ಬೋರಲಾಗಿದೆ. ಪ್ಲಾಸ್ಟರ್ ಬಿಚ್ಚಿದ ವಾರವೇ, ಒಬ್ಬಳೇ ಗಾಡಿ ಓಡಿಸಿಕೊಂಡು ಬರುತ್ತೇನೆ. ಹಲಗೆ ಅಲ್ಲಿರಲಿ.

ಇಂತಿ,
ನಿಮ್ಮ ಕಡತದ ಪ್ರಕಾರ ಅಂದು ಮಧ್ಯಾಹ್ನವೇ ಸುರಕ್ಷಿತವಾಗಿ ಮರಳಿದವಳು,
ಕೋರಾ ವಿಟ್ಲಾಕ್