ಸಮುದ್ರಕ್ಕೆ ಹಿಡಿದ ರಸಮಟ್ಟ

ಸಮುದ್ರದ ದಂಡೆ,
ಮೇಲಿನ ಮಹಡಿ, ಕೊನೆಯ ರೂಮು.
ತಾರೀಕು ಹದಿನಾಲ್ಕು, ಬುಧವಾರ, ಬೆಳಗ್ಗೆ ಹನ್ನೊಂದು ಗಂಟೆ.

ಪ್ರೀತಿಯ ಅಣ್ಣಾ,

ಕೊನೆಗೂ ಕಿಟಕಿ ಇರುವ ರೂಮನ್ನೇ ಹಿಡಿದೆ. ಅದು ಆಮೇಲೆ. ಮೊದಲು ಹೇಳು, ಮೊಣಕಾಲು ಹೇಗಿದೆ? ಎಡಗಡೆಯದ್ದು ಕೇಳ್ತಾ ಇದ್ದೀನಿ, ಬಲಗಡೆಯದ್ದು ಮೊದಲಿನಿಂದಲೂ ಮರ್ಯಾದಸ್ಥ ಮೊಣಕಾಲು. ಅತ್ತಿಗೆಯ ಕೆಮ್ಮು ನಿಂತಿತಾ? ಹುಡುಗಿಯರ ಪರೀಕ್ಷೆ ಮುಗಿಯಿತಾ? ನಾವೆಲ್ಲ ಚೆನ್ನಾಗಿದ್ದೇವೆ. ನನ್ನ ತಲೆಯ ಮೇಲೆ ಉಳಿದಿದ್ದ ನಾಲ್ಕು ಕೂದಲೂ ಚೆನ್ನಾಗಿವೆ, ಈಗ ಮೂರು. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು 'ಹೂಂ' ಅಂತೀಯ, ನಾನು ಇನ್ನೊಂದು ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ಇಟ್ಟುಬಿಡ್ತೀಯ. ಒಂಬತ್ತು ವರ್ಷದಲ್ಲಿ ನಿನ್ನಿಂದ ಬಂದ 'ಹೂಂ'ಗಳನ್ನು ಸಾಲಾಗಿ ಜೋಡಿಸಿದ್ದರೆ ಒಂದು ಕಾಂಪೌಂಡು ಗೋಡೆ ಏಳುತ್ತಿತ್ತು. ಕಾಗದಕ್ಕೆ ಆ ತೊಂದರೆ ಇಲ್ಲ. ನೀನು ಓದದೆ ಹರಿಯೋಕೆ ಹೋದರೆ ಅತ್ತಿಗೆ ಬಿಡಲ್ಲ ಅನ್ನುವ ಧೈರ್ಯವೂ ಇದೆ. ನಾನು ಓದಿದ್ದು ಐದನೇ ಕ್ಲಾಸು, ಅಕ್ಷರದ ನಡುವೆ ಸಂದು ಬಿಟ್ಟಿದ್ದರೆ ನೀನೇ ಗಾರೆ ಮೆತ್ತಿಕೊಂಡು ಓದು.

ಅಮ್ಮನ ಹಟ ನಿನಗೂ ಗೊತ್ತಾಗಿರಬೇಕು. ಎಲ್ಲರೂ ನಾಲ್ಕು ದಿನ ಸಮುದ್ರಕ್ಕೆ ಹೋಗೋಣ ಅಂತ ನನ್ನ ಮಗಳು ಸುಮ್ಮನೆ ಬಾಯಿಮಾತಿಗೆ ಅಂದಿದ್ದಷ್ಟೇ. ಮೂಲೆಯಲ್ಲಿ ಕೂತಿದ್ದ ಅಮ್ಮ ಕನ್ನಡಕ ತೆಗೆದಿಟ್ಟು, "ಅದಕ್ಕೆ ಆ ಕಡೆ ಗೋಡೆ ಇಲ್ವಂತೆ, ಹೌದಾ?" ಅಂದಳು. ಇಲ್ಲ ಅಮ್ಮ ಅಂದೆ. "ನಿಮ್ಮಪ್ಪ ಸಾಯೋವರೆಗೂ ಗೋಡೆ ಕಟ್ಟಿದ್ರು. ನೀವಿಬ್ರೂ ಅದನ್ನೇ ಕಟ್ಟಿದ್ರಿ. ಗೋಡೆ ಇಲ್ಲದ್ದು ಒಂದನ್ನ ನಾನು ನೋಡ್ಬೇಕು" ಅಂದಳು. ಸರಿ, ಕರಕೊಂಡು ಹೋಗ್ತೀನಿ ಅಂದರೆ, ಇನ್ನೊಂದು ಮಾತು ಅಂದಳು. "ಇಬ್ರೂ ಬಂದ್ರೆ ಬರ್ತೀನಿ. ಒಬ್ಬನ ಜೊತೆ ಹೋಗೋಕೆ ನಾನೇನು ಒಬ್ಬನ್ನೇ ಹೆತ್ತಿದ್ದೀನಾ?" ಅಷ್ಟೇ. ಕನ್ನಡಕ ಹಾಕಿಕೊಂಡು ಅವರೆಕಾಯಿ ಸುಲಿಯೋದಕ್ಕೆ ಕೂತಳು. ಎಂಬತ್ತು ಹತ್ತಿರ ಬಂತು ಅವಳಿಗೆ. ನನ್ನ ಹೆಂಡತಿ ನನ್ನ ಮುಖ ನೋಡಿದಳು. ಜೋಕು ಹೊಡೆದು ತಪ್ಪಿಸಿಕೊಳ್ಳುವ ಜಾಗ ಅದಲ್ಲ ಅಂತ ನನಗೂ ಗೊತ್ತಾಯಿತು. ನಿನಗೆ ಹೇಳೋದು ಆಮೇಲಾಯಿತು, ಮೊದಲು ರೂಮು, ಮೆಟ್ಟಿಲು, ಬಚ್ಚಲು ನೋಡಿಕೊಂಡು ಬನ್ನಿ ಅಂತ ಇವಳೇ ನನ್ನನ್ನು ಬಸ್ಸು ಹತ್ತಿಸಿದಳು.

ನಿನ್ನೆ ಮಧ್ಯಾಹ್ನ ಇಳಿದೆ. ಬಿಸಿಲು ಅಂದರೆ ಬಿಸಿಲು, ಬಟ್ಟೆ ಹಿಂಡುವಷ್ಟರಲ್ಲೇ ಒಣಗಿರುತ್ತೆ. ರಸ್ತೆಯ ಎರಡೂ ಕಡೆ ಟೋಪಿ, ಕೊಡೆ, ರಬ್ಬರ್ ಚಪ್ಪಲಿ ತೂಗುಹಾಕಿದ ಅಂಗಡಿಗಳು. ಸಮುದ್ರ ಎಲ್ಲಿ ಬರುತ್ತೆ ಅಂತ ಚಪ್ಪಲಿ ಅಂಗಡಿಯವನನ್ನು ಕೇಳಿದೆ. ಅವನು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, "ಅದು ಬರಲ್ಲ ಸ್ವಾಮಿ, ನೀವೇ ಹೋಗ್ಬೇಕು. ತಲೆ ಎತ್ತಿ ನೋಡಿ" ಅಂದ. ತಲೆ ಎತ್ತಿದೆ. ರಸ್ತೆಯ ತುದಿಯಲ್ಲಿ ನೀಲಿ ಬಣ್ಣ ಹೊಡೆದ ಒಂದು ಎತ್ತರದ ಗೋಡೆ ಕಾಣಿಸಿತು. ಇಷ್ಟು ದೂರದಿಂದ ಬಂದವರಿಗೆ ಸಮುದ್ರ ಕಾಣದ ಹಾಗೆ ಗೋಡೆ ಎಬ್ಬಿಸಿದ ಪುಣ್ಯಾತ್ಮ ಯಾರಪ್ಪಾ ಅಂದುಕೊಂಡೆ. ಗಿಲಾವು ಮಾತ್ರ ಬಹಳ ಚೆನ್ನಾಗಿ ಬಂದಿದೆ ಅಂತಲೂ ಅಂದುಕೊಂಡೆ. ಅಷ್ಟರಲ್ಲಿ ಆ ಗೋಡೆಯ ಮೇಲೆ ಒಂದು ದೋಣಿ ಹೋಯಿತು.

ಅಣ್ಣಾ, ಅಲ್ಲೇ ನಿಂತೆ. ಹಿಂದಿನಿಂದ ಒಂದು ಗಾಡಿ ಹಾರ್ನ್ ಹೊಡೀತಾನೇ ಇತ್ತು. ನನ್ನ ಬಾಯಿ ಮುಚ್ಚಿಕೊಂಡಿತು. ಯಾರ ಬಾಯಿ ಅಂತ ಯೋಚನೆ ಮಾಡು. ಮದುವೆಯ ದಿನ ಕೂಡ ಮುಚ್ಚದೆ ಇದ್ದ ಬಾಯಿ. ಹತ್ತಿರ ಹೋದ ಮೇಲೆ ಗೋಡೆ ಮಲಗಿ ನೆಲವಾಯಿತು, ಮುಗಿಯದ ನೆಲ. ಕೊನೆಯಲ್ಲಿ ಈ ಕಡೆಯಿಂದ ಆ ಕಡೆಗೆ ಒಂದೇ ಒಂದು ಗೆರೆ. ನಾವು ಗೋಡೆಗೆ ದಾರ ಹಿಡಿಯುವಾಗ ನೀನು ಆ ತುದಿ, ನಾನು ಈ ತುದಿ. ಎಷ್ಟು ಬಿಗಿಯಾಗಿ ಎಳೆದರೂ ನಡುವೆ ಕೂದಲೆಳೆಯಷ್ಟು ಜೋಲುತ್ತಿತ್ತು ನೋಡು, ಇಲ್ಲಿ ಅದೂ ಇಲ್ಲ. ಆ ತುದಿ ಹಿಡಿದವರು ಯಾರು, ಈ ತುದಿ ಹಿಡಿದವರು ಯಾರು, ಇಬ್ಬರೂ ಕಾಣಿಸಲ್ಲ. ಒಬ್ಬರು ಕೈ ಬಿಟ್ಟಿದ್ದರೆ ಗೆರೆ ಇರುತ್ತಿರಲಿಲ್ಲ ಅನ್ನೋದು ಮಾತ್ರ ಗೊತ್ತು. ಅಲೆ ಬರುತ್ತೆ, ಮರಳಿನ ಮೇಲೆ ಮಟ್ಟಗೋಲು ಎಳೆದ ಹಾಗೆ ನುಣ್ಣಗೆ ಎಳೆದು ವಾಪಸ್ಸು ಹೋಗುತ್ತೆ. ನಾನು ಬೇಕಂತಲೇ ಕಾಲಿಟ್ಟು ಗುಂಡಿ ಮಾಡಿದೆ. ಮತ್ತೆ ಬಂತು, ಬೈಯದೆ ಮತ್ತೆ ನುಣ್ಣಗೆ ಮಾಡಿತು. ಹಸಿ ನೆಲದ ಮೇಲೆ ಕಾಲಿಟ್ಟರೆ ನೀನು ಕರಣೆ ಎಸೀತಿದ್ದೆ, ಜ್ಞಾಪಕ ಇದೆಯಾ? ಇಷ್ಟು ದೊಡ್ಡ ಮೇಸ್ತ್ರಿಗೆ ಸಿಟ್ಟೇ ಇಲ್ಲ ಅಣ್ಣಾ.

ಐದನೇ ಕ್ಲಾಸಿನ ಮೇಷ್ಟ್ರು ನೆನಪಾದರು. ನಮ್ಮೂರು ಸಮುದ್ರಮಟ್ಟದಿಂದ ಇಷ್ಟು ಅಡಿ ಎತ್ತರ ಇದೆ ಅಂತ ಅವರು ಪಾಠ ಮಾಡಿದಾಗ ನಾನು ಎದ್ದು ನಿಂತು, ಸಾರ್, ಆ ಮಟ್ಟ ಹಿಡಿದ ಮೇಸ್ತ್ರಿ ಯಾರು ಅಂತ ಕೇಳಿದ್ದೆ. ಕ್ಲಾಸೆಲ್ಲ ನಕ್ಕಿತು, ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದರು. ನೀನು ಸಂಜೆ ಅದನ್ನು ಮನೆಯಲ್ಲಿ ಹೇಳಿ ಇನ್ನೊಂದು ಸಲ ನಗಿಸೋಕೆ ನೋಡಿದೆ. ಅಪ್ಪ ಮಾತ್ರ ನಗಲಿಲ್ಲ. "ಸರಿಯಾಗೇ ಕೇಳಿದಾನೆ. ಮಟ್ಟ ಹಿಡಿಯೋದು ನೀರೇ ಕಣ್ರೋ. ನೀರು ಸುಳ್ಳು ಹೇಳಲ್ಲ" ಅಂದರು. ನಾಲ್ಕು ಹೆಜ್ಜೆ ನೀರಿಗಿಳಿದು ನಿಂತಾಗ ಆ ಮಾತು ಕಿವಿಯಲ್ಲೇ ಇತ್ತು.

ಈಗ ರೂಮಿನ ವಿಷಯ. ಈ ಲಾಡ್ಜನ್ನು ಒಬ್ಬ ಹೆಂಗಸು ನಡೆಸುತ್ತಾರೆ, ನಿನ್ನ ವಯಸ್ಸಿನವರು. ನಾನು ಟೇಪು ಹಿಡಿದು ಮೆಟ್ಟಿಲು ಅಳೆಯುತ್ತಾ ಇದ್ದಾಗ, "ನೀವು ಉಳ್ಕೊಳ್ಳೋಕೆ ಬಂದಿದ್ದೀರೋ, ಕೊಂಡ್ಕೊಳ್ಳೋಕೆ ಬಂದಿದ್ದೀರೋ?" ಅಂದರು. ಮೂರು ರೂಮು ನಮಗೇ ಬಿಡ್ತಾರಂತೆ. ಕೆಳಗಿನದ್ದು ಅಮ್ಮನಿಗೆ ಸುಲಭ, ಆದರೆ ಅದರ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಗೋಡೆ ನೋಡೋಕೆ ಅಮ್ಮನನ್ನು ಇಲ್ಲಿವರೆಗೆ ಕರಕೊಂಡು ಬರಬೇಕಾ? ಸಮುದ್ರ ಕಾಣುವುದು ನಾನೀಗ ಕೂತಿರುವ ಈ ಮೇಲಿನ ರೂಮಿನಿಂದ ಮಾತ್ರ. ಮಂಚದ ಮೇಲೆ ಮಲಗಿದರೂ ಕಾಣುತ್ತೆ, ನಾನೇ ಮಲಗಿ ನೋಡಿದೆ, ನಿದ್ದೆಯೂ ಬಂತು. ಆದರೆ ಇಪ್ಪತ್ತೆರಡು ಮೆಟ್ಟಿಲು ಅಣ್ಣಾ, ಮೇಲಿನಿಂದ ಮೂರನೆಯದ್ದು ಅರ್ಧ ಇಂಚು ಜಾಸ್ತಿ. ಅಮ್ಮ ಹತ್ತಲಾರಳು. ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋಗಬೇಕು. ಒಬ್ಬನ ಕೈಲಿ ಆಗುವ ಕೆಲಸ ಅಲ್ಲ. ಬೇರೆ ಯಾರನ್ನಾದರೂ ಕರೆಯಬಹುದು, ಆದರೆ ಒಬ್ಬ ಉದ್ದ ಒಬ್ಬ ಗಿಡ್ಡ ಆದರೆ ಕುರ್ಚಿ ವಾಲುತ್ತೆ, ಅಮ್ಮ ಹೆದರುತ್ತಾಳೆ. ನಾನೂ ನೀನೂ ಒಂದೇ ಎತ್ತರ. ಈ ವಿಷಯದಲ್ಲಿ ಅಪ್ಪ ಅಮ್ಮ ಮಟ್ಟ ತಪ್ಪಿರಲಿಲ್ಲ.

ಮಟ್ಟ ಅಂದಾಗ ಒಂದು ತಮಾಷೆ ಹೇಳಿಬಿಡ್ತೀನಿ, ನಗು. ಅಪ್ಪನ ಸಾಮಾನು ಹಂಚಿಕೊಂಡಾಗ ತೂಗುಗುಂಡು ನಿನಗೆ, ರಸಮಟ್ಟ ನನಗೆ ಬಂತಲ್ಲ. ನಿಂತದ್ದನ್ನು ನೋಡುವುದು ನಿನ್ನ ಪಾಲು, ಮಲಗಿದ್ದನ್ನು ನೋಡುವುದು ನನ್ನ ಪಾಲು, ನನ್ನ ಸ್ವಭಾವಕ್ಕೆ ಸರಿಯಾಗೇ ಬಂತು. ಆ ಒಂದಡಿ ಮರದ ತುಂಡು, ನಡುವೆ ಗಾಜಿನ ಕೊಳವೆಯಲ್ಲಿ ಗುಳ್ಳೆ, ಬಲಗಡೆ ಅಪ್ಪ ಚಾಕುವಿನಲ್ಲಿ ಕೊರೆದ ಗೀರು, ಎಲ್ಲ ಹಾಗೇ ಇದೆ. ಹಲ್ಲುಜ್ಜುವ ಬ್ರಷ್ಷು ಮರೆತರೂ ಅದು ನನ್ನ ಚೀಲದಲ್ಲಿರುತ್ತೆ. ಬೆಳಗ್ಗೆ ಕೈ ಸುಮ್ಮನಿರದೆ ಅದನ್ನು ಈ ಕಿಟಕಿಯ ಕಟ್ಟೆಯ ಮೇಲಿಟ್ಟೆ. ಗುಳ್ಳೆ ಬಲಕ್ಕೆ ಓಡಿತು. ಎಂಥ ಮೇಸ್ತ್ರಿ ಕಟ್ಟಿದನಪ್ಪಾ ಇದನ್ನ ಅಂತ ಮನಸಾರೆ ಬೈದೆ. ಆಮೇಲೆ ಬಗ್ಗಿ, ಕಣ್ಣನ್ನು ಕಟ್ಟೆಯ ಮಟ್ಟಕ್ಕೆ ತಂದು ನೋಡಿದರೆ ಕಟ್ಟೆಯ ಅಂಚೂ ಸಮುದ್ರದ ಗೆರೆಯೂ ಒಂದರ ಮೇಲೊಂದು ಅಂಟಿಸಿದ ಹಾಗೆ ಕೂತಿವೆ. ಕಟ್ಟೆ ಸೊಟ್ಟ ಅನ್ನಬೇಕಾದರೆ ಸಮುದ್ರವೂ ಸೊಟ್ಟ ಅನ್ನಬೇಕು. ನಿನ್ನ ತಮ್ಮ ಬಿಡುವ ಪೈಕಿಯಾ? ಸಮುದ್ರವೇ ಎಡಕ್ಕೆ ವಾಲಿದೆ ಅಂದುಬಿಟ್ಟೆ. ಜೋರಾಗೇ ಅಂದೆ. ಗುಡಿಸೋಕೆ ಬಂದಿದ್ದ ಲಾಡ್ಜಿನ ಹೆಂಗಸು ಪೊರಕೆ ಹಿಡಿದು ನಿಂತು, "ಹೌದಾ? ನಲವತ್ತು ವರ್ಷದಿಂದ ನೋಡ್ತಾ ಇದ್ದೀನಿ, ಯಾರೂ ಕಂಪ್ಲೇಂಟು ಕೊಟ್ಟಿರಲಿಲ್ಲ" ಅಂದರು.

ನೀನು ಈಗ ಏನು ನೆನೆಸಿಕೊಳ್ತಾ ಇದ್ದೀಯ ಅಂತ ನನಗೆ ಗೊತ್ತು. ಅಮ್ಮನ ಕೋಣೆಯ ನೆಲ. ನಾನು ಹಾಕಿದ ನೆಲ. ನೀನು ಬಾಗಿಲಲ್ಲಿ ನಿಂತು ಬರಿಗಣ್ಣಲ್ಲೇ ನೋಡಿ, ಬಲಕ್ಕೆ ವಾಲಿದೆ ಅಂದೆ. ನಾನು ಎಲ್ಲರ ಎದುರು ರಸಮಟ್ಟ ಇಟ್ಟು ತೋರಿಸಿದೆ, ಗುಳ್ಳೆ ನಟ್ಟನಡುವೆ. ಆಗ ನೀನು, "ತಿರುಗಿಸಿ ಇಡೋ ಅದನ್ನ" ಅಂದೆ. ಎಡ ಬಲ ತಿರುಗಿಸಿದ ಮೇಲೂ ಗುಳ್ಳೆ ಅಲ್ಲೇ ನಿಂತರೆ ರಸಮಟ್ಟ ನಿಜ, ಓಡಿದರೆ ರಸಮಟ್ಟವೇ ಸುಳ್ಳು, ಅದು ಕೆಲಸ ಕಲಿತ ಮೊದಲ ವಾರವೇ ಗೊತ್ತಿರುತ್ತೆ. ನಾನು ತಿರುಗಿಸಲಿಲ್ಲ. ಗೀರು ಇರುವ ತುದಿ ಅಪ್ಪನ ಬಲಗೈ ಕಡೆ ಇರುತ್ತಿತ್ತು, ನನ್ನ ಕೈಯಲ್ಲೂ ಅಲ್ಲೇ ಇರುತ್ತೆ, ಅಪ್ಪನನ್ನು ಪರೀಕ್ಷೆ ಮಾಡೋಕೆ ನೀನು ಯಾರು ಅಂದೆ. ಎಲ್ಲರೂ ತಲೆ ಆಡಿಸಿದರು. ನೀನು ಕರಣೆ ಒರೆಸಿ ಚೀಲಕ್ಕೆ ಹಾಕಿಕೊಂಡು ಹೋದೆ. ತಿಂಗಳೊಳಗೆ ಊರೂ ಬಿಟ್ಟೆ. ಇರಲಿ, ಹಳೆಯ ಮಾತು.

ಹುಡುಗಿಯರಿಗೆ ಟೋಪಿ ಇಲ್ಲೇ ಕೊಳ್ಳೋಣ, ಅಲ್ಲಿಂದ ಹೊತ್ತು ತರಬೇಡಿ. ಅತ್ತಿಗೆಗೆ ನಮಸ್ಕಾರ ಹೇಳು, ಉಪ್ಪುಗಾಳಿ ಕೆಮ್ಮಿಗೆ ಒಳ್ಳೆಯದಂತೆ ಅಂತಲೂ ಹೇಳು. ಒಳ್ಳೆಯದೋ ಅಲ್ಲವೋ ಗೊತ್ತಿಲ್ಲ, ಹೊರಡಿಸೋಕೆ ಆಗುತ್ತೆ. ಮಕ್ಕಳಿಗೆ ಚಿಕ್ಕಪ್ಪನ ಮುತ್ತು. ನಿನ್ನ ಕಾಲಿಗೆ ಬೀಳ್ತೀನಿ, ಎಡಗಡೆಯ ಮೊಣಕಾಲು ನೋಯಿಸದ ಹಾಗೆ.

ನಿನ್ನ ತಮ್ಮ,
ನೀನೇ ಹೆಸರಿಟ್ಟ ಬಾಯಿಮೇಸ್ತ್ರಿ

ಮರೆತಿದ್ದೆ: ಅಣ್ಣಾ, ತಿರುಗಿಸಿ ಇಟ್ಟೆ. ಆ ಹೆಂಗಸು ಪೊರಕೆ ತಗೊಂಡು ಆಚೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಇದೇ ಕಟ್ಟೆಯ ಮೇಲೆ ತಿರುಗಿಸಿ ಇಟ್ಟೆ. ಗುಳ್ಳೆ ಎಡಕ್ಕೆ ಓಡಿತು. ಕಟ್ಟೆ ಸರಿ, ಸಮುದ್ರ ಸರಿ, ನಿನ್ನ ಕಣ್ಣು ಸರಿ. ಅಪ್ಪನೂ ಸರಿ, ಅವರಿದ್ದಾಗ ಅದು ನೆಟ್ಟಗೇ ಇತ್ತು. ಅವರು ತೀರಿಕೊಂಡ ವರ್ಷ ನನ್ನ ಕೈ ಜಾರಿ ಸಾರುವೆ ಕಟ್ಟಿದ ಮರದ ಮೇಲಿಂದ ಕೆಳಗೆ ಕಲ್ಲಿನ ಮೇಲೆ ಬಿತ್ತು. ಕೊಳವೆ ಕಳಚಿಬಂದಿತ್ತು. ಅಂಟು ಹಾಕಿ ಕೂರಿಸಿದೆ, ಯಾರಿಗೂ ಹೇಳಲಿಲ್ಲ. ನೀನು ತಿರುಗಿಸು ಅಂದಾಗ ನನ್ನನ್ನು ತಡೆದದ್ದು ಅಪ್ಪನ ಮೇಲಿನ ಗೌರವ ಅಲ್ಲ, ಭಯ. ಈ ಒಂಬತ್ತು ವರ್ಷ ಅದನ್ನು ಹೊತ್ತು ತಿರುಗಿದ್ದೀನಿ, ಒಂದು ಕೆಲಸಕ್ಕೂ ಇಟ್ಟಿಲ್ಲ, ಎಲ್ಲದಕ್ಕೂ ನೀರು ತುಂಬಿದ ಪೈಪು ಹಿಡಿದೇ ಮಟ್ಟ ನೋಡಿದ್ದೀನಿ. ಅಮ್ಮನ ಮಾತ್ರೆ ಕೈ ತಪ್ಪಿದರೆ ಯಾವಾಗಲೂ ಬಲಗಡೆಯ ಗೋಡೆಗೇ ಉರುಳುತ್ತೆ, ಮಾತ್ರೆ ಮಾಡಿದವನನ್ನು ಬೈದೆ. ಅವಳ ಮಂಚದ ಎರಡು ಕಾಲಿನ ಕೆಳಗೆ ರಟ್ಟು ಮಡಿಸಿ ಇಟ್ಟಿದ್ದಾಳೆ, ಬಡಗಿಯನ್ನು ಬೈದೆ. ಯಾಕೆ ಇಟ್ಟಿದ್ದಾಳೆ ಅಂತ ಈವತ್ತು ಬೆಳಗ್ಗೆ ಈ ಕಿಟಕಿಯಲ್ಲಿ ಕೂತಾಗ ಗೊತ್ತಾಯಿತು. ಅವಳಿಗೆ ಮೊದಲಿನಿಂದ ಗೊತ್ತು ಅಣ್ಣಾ. ಒಬ್ಬ ಮಗನ ಕಡೆ ಮಾತಾಡಿದರೆ ಇನ್ನೊಬ್ಬ ಕೆಳಗಾಗ್ತಾನೆ ಅಂತ ರಟ್ಟು ಇಟ್ಟುಕೊಂಡು ಮಲಗಿದ್ದಾಳೆ.

ಇಪ್ಪತ್ತೈದನೇ ತಾರೀಕಿಗೆ ರೂಮು ಹೇಳಿದ್ದೀನಿ. ಬಾ. ವಾಪಸ್ಸು ಹೋದ ಮೇಲೆ ಆ ನೆಲ ಒಡೆದು ಹೊಸದಾಗಿ ಹಾಕೋಣ, ದಾರದ ಆ ತುದಿ ನೀನು ಹಿಡಿ. ಇಲ್ಲಿಗೆ ಬಂದ ತಕ್ಷಣ, ಅಮ್ಮನನ್ನು ಕುರ್ಚಿಗೆ ಕೂರಿಸೋಕೆ ಮೊದಲೇ, ಎಲ್ಲರ ಎದುರು, 'ನಾನು ಅವತ್ತೇ ಹೇಳಿದ್ದೆ' ಅಂತ ಒಂದು ಸಲ ಹೇಳು. ಜೋರಾಗಿ ಹೇಳು. ಈ ಸಲ 'ಹೂಂ' ಅನ್ನೋದು ನನ್ನ ಸರದಿ.

ಲಾಡ್ಜಿನ ಹೆಂಗಸು ಕೆಳಗಿಂದ ಮೂರನೇ ಸಲ ಕೂಗಿದರು, "ಸಮುದ್ರ ಆಮೇಲೆ ನೆಟ್ಟಗೆ ಮಾಡೋರಂತೆ, ಊಟ ಆರ್ತಾ ಇದೆ" ಅಂತ. ಹೋದೆ.