ಹೂಳಿದವರ ಪುಸ್ತಕ

ಮ್ಹಾಪಸಾ, ಗೋವಾ
೧೭ ನವೆಂಬರ್ ೧೯೯೧

ಪ್ರೀತಿಯ ಮಹಾದೇವಕ್ಕಗೆ,

ಅಪ್ಪನನ್ನು ಹುಡುಕಿದ್ದಕ್ಕೆ ಒಟ್ಟು ಎರಡು ಸಾವಿರದ ನೂರಾ ನಲವತ್ತು ರೂಪಾಯಿ ಬಿತ್ತು. ಪಣಜಿಯ ಬಸ್ಸು, ಅರ್ಜಿಯ ಕಾಗದ, ಪೋರ್ತುಗೀಸ್ ಓದಿ ಹೇಳಿದ ಮುದಿ ವಕೀಲರಿಗೆ ಕೊಟ್ಟ ಬ್ಯಾಡಗಿ ಮೆಣಸಿನಕಾಯಿ ಎಲ್ಲ ಇದರಲ್ಲೇ ಬಂತು. ಅಂಗಡಿ ಮುಚ್ಚಿದ ದಿನಗಳನ್ನು ಹಿಡಿದಿಲ್ಲ. ಹಿಡಿದರೆ ನನ್ನ ಹೆಂಡತಿ ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ನಿನ್ನ ಮೊಣಕಾಲು ಹೇಗಿದೆ? ಅವ್ವ ಕಣ್ಣಿಗೆ ಔಷಧ ಹಾಕಿಸಿಕೊಳ್ಳುತ್ತಾಳೋ, ಸೆರಗಿನಿಂದ ಒರೆಸಿಕೊಂಡು ಬಿಡುತ್ತಾಳೋ? ಈ ಪತ್ರವನ್ನು ಎಂದಿನಂತೆ ಅವಳ ಮುಂದೆ ಗಟ್ಟಿಯಾಗಿ ಓದಬೇಡ. ಮೊದಲು ನೀನೊಬ್ಬಳೇ ಓದಿಕೊ.

ಈ ವರ್ಷ ಜನಗಣತಿಯ ಮಾಸ್ತರ ನಮ್ಮ ಕಟ್ಟೆಗೆ ಬಂದಾಗ ನಾನೂ ಊರಲ್ಲೇ ಇದ್ದೆನಲ್ಲ. 'ವಿಧವೆ ಅಂತ ಬರೀಲೇನ್ರಿ ಅವ್ವಾರ?' ಎಂದಿದ್ದಕ್ಕೆ ಅವ್ವ ಕೈ ಮುಂದೆ ಚಾಚಿದಳು. 'ಯಾಕ್ರಿ, ಬಳಿ ಕಾಣವಲ್ಲವೇನು? ಗಂಡ ಗೋವಾದಾಗ ಅದಾನ. ಅಲ್ಲೊಬ್ಬಾಕಿನ್ನ ಇಟಗೊಂಡಾನ. ಅಕಿಗೂ ನಿಮ್ಮ ಕಾಗದದಾಗ ಜಾಗಾ ಇದ್ರ ಬರಕೋರಿ.' ಹತ್ತು ವರ್ಷಕ್ಕೊಮ್ಮೆ ಬರುವ ಪ್ರತಿ ಮಾಸ್ತರನ ಮುಂದೂ ಇದೇ ಮಾತು ಹೇಳಿ ಹಸಿರು ಬಳೆ ಉಳಿಸಿಕೊಂಡವಳು ಅವಳು. ಊರಿನ ಬಾಯಿ ಹೆತ್ತ ಆ ಹೆಂಗಸನ್ನು ಬೈಯುತ್ತಲೇ ನಂಬಿದಳು. ಅವಳಿದ್ದರೆ ಅಪ್ಪನೂ ಇರಬೇಕಲ್ಲ. ನಿಜವೇನೆಂದು ಸರಕಾರದ ಕಾಗದದಲ್ಲೇ ನೋಡಿಬಿಡೋಣ ಎಂದು ನಾನು ಅವತ್ತೇ ನಿರ್ಧರಿಸಿದೆ.

ಪಣಜಿಯ ಹಳೇ ದಾಖಲೆಗಳ ಕಚೇರಿಯಲ್ಲಿ ಮೊದಲು ಸಿಕ್ಕಿದ್ದು ಅಪ್ಪನ ೧೯೪೭ರ ಪರವಾನಗಿ: ಪಂಚಾಕ್ಷರಿ, ಊರು ನವಲಗುಂದ, ಮೆಣಸಿನಕಾಯಿ ವ್ಯಾಪಾರ. ಮಾರನೇ ವರ್ಷ ಅದು ನವೀಕರಣವಾಗಿಲ್ಲ. ಪೋರ್ತುಗೀಸರ ಐವತ್ತರ ಗಣತಿಯ ಪಟ್ಟಿಯಲ್ಲಿ ಅಪ್ಪ ಇಲ್ಲ. ಸತ್ತವರನ್ನು ಅವರು ಧರ್ಮಕ್ಕೊಂದು ಪುಸ್ತಕ ಮಾಡಿ ಬರೆದಿಟ್ಟಿದ್ದಾರೆ; ಹಿಂದೂಗಳ ಪುಸ್ತಕಗಳನ್ನೆಲ್ಲ ತಿರುವಿ ಹಾಕಿದೆ, ಅಲ್ಲೂ ಇಲ್ಲ. ನಿನಗೆ ಹೇಳಿದರೆ ನಗುತ್ತೀ, ಆ ರಾತ್ರಿ ನನಗೂ ಆಸೆ ಹುಟ್ಟಿತ್ತು. ಆ ಹೆಂಗಸು ಇದ್ದರೆ ಇರಲಿ, ಅವಳಿಗೂ ಒಂದು ಸೀರೆ ಒಯ್ಯೋಣ ಎಂದುಕೊಂಡೆ.

ಸವಣೂರ ಕಡೆಯ ಮೈಬೂಬಸಾಬ ನನ್ನ ಮಾಲು ತರುವ ಲಾರಿ ಡ್ರೈವರ. ಚೀಲ ಇಳಿಸುತ್ತ ನನ್ನ ಪುರಾಣವನ್ನೆಲ್ಲ ಕೇಳಿದ. 'ಸಾವಕಾರ, ಯಾಪಾರದಾಗ ಶಾಣ್ಯಾ ಅದೀರಿ, ಇದರಾಗ ಹ್ಯಾಂಗ ದಡ್ಡರಾದ್ರಿ? ನೀವು ಲಿಂಗವಂತರು ಸುಡತೀರೇನು? ನಮ್ಹಂಗ ಹೂಳತೀರಿ. ಈ ಕಡಿ ಮಂದಿಗೆ ಹಿಂದೂ ಅಂದ್ರ ಸುಡಾವ, ಹೂಳಾವ ಅಂದ್ರ ಕಿರಸ್ತಾನ, ಇಲ್ಲಾ ಸಾಬ. ನಮ್ಮ ಪುಸ್ತಕ ನೋಡಸ್ರಿ.'

ನೋಡಿಸಿದೆ. ಮುಸಲ್ಮಾನರ ಪುಸ್ತಕದಲ್ಲಿ, ೧೯೪೮ರ ಜೂನ್ ತಿಂಗಳಲ್ಲಿ, ಅಪ್ಪ ಇದ್ದ. ಜ್ವರ. ವಯಸ್ಸು ಇಪ್ಪತ್ತೆಂಟು. ಊರು, ಕಸುಬು ಎಲ್ಲ ಸರಿ. ತಂದೆಯ ಹೆಸರಿನ ಜಾಗದಲ್ಲಿ ಅಜ್ಜನ ಹೆಸರು, ಅಂದರೆ ನನ್ನದೇ ಹೆಸರು. ವಕೀಲರು 'ವಿರೂಪಾಕ್ಷಪ್ಪನ ಮಗ' ಎಂದು ಓದಿದಾಗ, ಅಕ್ಕ, ನನ್ನ ಈಗಿನ ವಯಸ್ಸಿಗಿಂತ ಹದಿನಾರು ವರ್ಷ ಚಿಕ್ಕವನಾಗಿ ಸತ್ತ ಅವನು ನನ್ನದೇ ಮಗನೆನಿಸಿಬಿಟ್ಟ. ಹೆಣ ತಂದವರು ಇಬ್ಬರು ಮುಸಲ್ಮಾನ ಎತ್ತಿನಗಾಡಿಯವರು, ಹೆಬ್ಬೆಟ್ಟು ಒತ್ತಿದ್ದಾರೆ. ಸುಡಬೇಡಿರೆಂದು ಅಪ್ಪನೇ ಅವರಿಗೆ ಹೇಳಿರಬೇಕು. ನಮ್ಮ ಪದ್ಧತಿಯಂತೆ ಅಂಗೈಯಲ್ಲಿ ಲಿಂಗವಿಟ್ಟು ಕೂಡಿಸಿದರೋ, ತಮ್ಮ ಪದ್ಧತಿಯಂತೆ ಮಲಗಿಸಿದರೋ, ಅದನ್ನು ಯಾರೂ ಬರೆದಿಲ್ಲ. ಹೆಂಗಸಿನ ಸುದ್ದಿ ಎಲ್ಲೂ ಇಲ್ಲ. ಮನೆ ಬಿಟ್ಟು ಒಂದು ವರ್ಷವೂ ತುಂಬಿರಲಿಲ್ಲ, ಹೆಂಗಸನ್ನು ಇಟ್ಟುಕೊಳ್ಳಲು ಪುರಸೊತ್ತೆಲ್ಲಿತ್ತು.

ಈಗ ಏನು ಮಾಡಲಿ ಹೇಳು. ಅವ್ವನಿಗೆ 'ಗಂಡ ನಿನ್ನನ್ನು ಬಿಟ್ಟು ಹೋಗಲಿಲ್ಲ, ಸತ್ತ' ಎಂದರೆ ಅವಳ ಮಾನ ಮರಳಿ ಬರುತ್ತದೆ, ಅದೇ ಉಸಿರಿನಲ್ಲಿ ಬಳೆ ಹೋಗುತ್ತವೆ. ಇದರಲ್ಲಿ ಅರ್ಧ ಹೇಳಲು ಬರುವುದಿಲ್ಲ. ನೀನು ಹಿರಿಯಳು, ಯೋಚಿಸು. ಅವ್ವನ ಪಾದಕ್ಕೆ ನನ್ನ ಶರಣು ಮುಟ್ಟಿಸು. ಭಾವನವರಿಗೂ ಶರಣು, ಮಕ್ಕಳ ತಲೆಯ ಮೇಲೆ ನನ್ನ ಕೈ.

ನಿನ್ನ ತಮ್ಮ,
ವಿರೂಪಾಕ್ಷಪ್ಪ

ತಾ.ಕ.: ಲಕೋಟೆ ಅಂಟಿಸುವ ಮೊದಲು ತಡೆಯಲಾರದೆ ನಿಮ್ಮ ಪಕ್ಕದ ಮನೆಗೆ ಫೋನು ಮಾಡಿದೆ. ನೀನು ಸಂತೆಗೆ ಹೋಗಿದ್ದೆಯಂತೆ, ಅವ್ವನೇ ಬಂದಳು. 'ಸಿಕ್ಕನೇನೋ?' ಎಂದಳು. ನಾನು ಇಲ್ಲವೆಂದೆ. 'ಇರಲಿ ಬಿಡು. ಅಕಿ ಹೊತ್ತಿಗೆ ಸರಿಯಾಗಿ ಉಣ್ಣಾಕ ಹಾಕತಿದ್ರ ಸಾಕು' ಅಂದಳು. ಓದಿದ ಕೂಡಲೇ ಇದನ್ನು ಒಲೆಗೆ ಹಾಕು. ಅವ್ವನಿಗೆ ಬಳೆ ಉಳಿದವು. ದಾರಿ ತೋರಿಸಿದ್ದಕ್ಕೆ ಮೈಬೂಬಸಾಬನಿಗೆ ಒಂದು ಊಟ ಸಂದಿತು. ಇಲ್ಲದ ಆ ಹೆಂಗಸಿಗೆ ನಮ್ಮ ಮನೆಯಲ್ಲಿ ಜಾಗ ಕಾಯಂ ಆಯಿತು. ಅಪ್ಪನಿಗೆ ಏನೂ ಸಿಗಲಿಲ್ಲ, ಕೆಟ್ಟ ಹೆಸರೂ ಹೋಗಲಿಲ್ಲ. ನನಗೆ ಅಪ್ಪ ಇಲ್ಲವೆಂಬುದು ಖಾತ್ರಿಯಾಯಿತು, ಇನ್ನು ನಿನಗೂ.